ಯುದ್ಧ, ಒಪ್ಪಂದ, ಗುಟ್ಟು: ಸಂಸತ್ತಿನ ಪಾಲೆಷ್ಟು?

2008ರ ಜುಲೈ 22ರಂದು ಲೋಕಸಭೆಯಲ್ಲಿ ಮನಮೋಹನ್ ಸಿಂಗ್ ಸರ್ಕಾರ 275–256 ಮತಗಳಿಂದ ವಿಶ್ವಾಸಮತ ಗೆದ್ದಿತು. ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡದ್ದು ಅಮೆರಿಕದೊಂದಿಗಿನ ಅಣು ಒಪ್ಪಂದವನ್ನು ವಿರೋಧಿಸಿ. ಎರಡು ದಿನಗಳ ಚರ್ಚೆ ಸುತ್ತಿದ್ದೂ ಅದರ ಸುತ್ತಲೇ. ಆದರೆ ಅಂದು ಮತಕ್ಕೆ ಹೋದದ್ದು ಸರ್ಕಾರದ ಅಳಿವು ಉಳಿವು. ಒಪ್ಪಂದದ ಪಠ್ಯವನ್ನು ನಮ್ಮ ಸಂಸತ್ತು ಯಾವತ್ತೂ ಮತಕ್ಕೆ ಹಾಕಲಿಲ್ಲ. ಅದೇ ಪಠ್ಯ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಕೆಳಮನೆಯಲ್ಲಿ ಮತಕ್ಕೆ ಬಂತು. ಅಕ್ಟೋಬರ್ 1ರಂದು ಸೆನೆಟ್ 86–13 ಮತಗಳಿಂದ ಅದನ್ನು ಒಪ್ಪಿತು. ಒಪ್ಪಂದ ಒಂದೇ ಆದರೂ ಎರಡು ದೇಶಗಳ ಜನಪ್ರತಿನಿಧಿಗಳಿಗೆ ಅದರಲ್ಲಿ ಸಿಕ್ಕ ಪಾಲು ಒಂದೇ ಆಗಿರಲಿಲ್ಲ.

2025ರಲ್ಲಿ ಪ್ರಶ್ನೆ ಮತ್ತೆ ಎದ್ದಿತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು, ಮೇ 7ರಂದು ಪಾಕಿಸ್ತಾನದ ವಿರುದ್ಧ ಆಪರೇಷನ್ ಸಿಂಧೂರ ಆರಂಭವಾಯಿತು, ಮೇ 10ರಂದು ಗುಂಡಿನ ಸದ್ದು ನಿಂತಿತು. ವಿಶೇಷ ಅಧಿವೇಶನ ಕರೆಯಬೇಕೆಂಬ ವಿರೋಧ ಪಕ್ಷಗಳ ಬೇಡಿಕೆಯನ್ನು ಸರ್ಕಾರ ಒಪ್ಪಲಿಲ್ಲ. ಸರ್ವಪಕ್ಷಗಳ ಏಳು ನಿಯೋಗಗಳು ಹಲವು ದೇಶಗಳಿಗೆ ಹೋಗಿ ಭಾರತದ ನಿಲುವನ್ನು ವಿವರಿಸಿ ಬಂದವು. ಸದನದಲ್ಲಿ ಚರ್ಚೆ ನಡೆದದ್ದು ಜುಲೈ ಕೊನೆಯ ವಾರದಲ್ಲಿ.

ಪರದೇಶಗಳ ಜೊತೆಗಿನ ಮಾತುಕತೆ, ಸೈನ್ಯದ ಬಳಕೆ, ಗುಪ್ತಚರ ಕೆಲಸ ಇವುಗಳ ಮೇಲೆ ಸಂಸತ್ತಿನ ಕಣ್ಣು ಎಷ್ಟಿರಬೇಕು ಎಂಬುದು ಪ್ರಜಾಪ್ರಭುತ್ವದಷ್ಟೇ ಹಳೆಯ ಪ್ರಶ್ನೆ. ಅದರ ಇತಿಹಾಸವನ್ನೂ ಅದಕ್ಕೆ ಸಿಕ್ಕಿರುವ ಮುಖ್ಯ ಉತ್ತರಗಳನ್ನೂ ಭಾರತದ ಅನುಭವವನ್ನು ಮುಂದಿಟ್ಟುಕೊಂಡು ನೋಡುವುದು ಈ ಬರಹದ ಉದ್ದೇಶ.

ಸಂವಿಧಾನ ಕೊಟ್ಟದ್ದು, ಬಿಟ್ಟದ್ದು

ಸಂವಿಧಾನದ ಏಳನೆಯ ಅನುಸೂಚಿ ವಿದೇಶಾಂಗ ವ್ಯವಹಾರ, ಒಪ್ಪಂದಗಳು, ಯುದ್ಧ ಮತ್ತು ಶಾಂತಿ ಈ ಮೂರನ್ನೂ ಕೇಂದ್ರ ಪಟ್ಟಿಯಲ್ಲಿ 10, 14 ಮತ್ತು 15ನೆಯ ಬಾಬ್ತುಗಳಾಗಿ ಇಟ್ಟಿದೆ. ಅಂದರೆ ಇವುಗಳ ಬಗ್ಗೆ ಕಾನೂನು ಮಾಡುವ ಹಕ್ಕು ಸಂಸತ್ತಿನದು. ಆದರೆ 73ನೆಯ ವಿಧಿಯ ಪ್ರಕಾರ, ಸಂಸತ್ತು ಕಾನೂನು ಮಾಡಬಲ್ಲ ಎಲ್ಲ ವಿಷಯಗಳಲ್ಲಿ ಕಾರ್ಯಾಂಗಕ್ಕೂ ಅಧಿಕಾರವಿದೆ. ಒಪ್ಪಂದಗಳಿಗೆ ಹೇಗೆ ಸಹಿ ಹಾಕಬೇಕು, ಯಾರ ಒಪ್ಪಿಗೆ ಬೇಕು ಎಂದು ಹೇಳುವ ಕಾನೂನನ್ನು ಸಂಸತ್ತು ಇದುವರೆಗೆ ಮಾಡಿಲ್ಲ. ಆ ಖಾಲಿ ಜಾಗದಲ್ಲಿ ಸರ್ಕಾರವೇ ಮಾತಾಡುತ್ತದೆ, ಸರ್ಕಾರವೇ ಸಹಿ ಹಾಕುತ್ತದೆ.

ಯುದ್ಧ ಸಾರಲು ಸಂಸತ್ತಿನ ಮತ ಬೇಕೆಂದು ಸಂವಿಧಾನ ಎಲ್ಲೂ ಹೇಳಿಲ್ಲ. ಯುದ್ಧದ ಕಾರಣಕ್ಕೆ 352ನೆಯ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಿಸಿದರೆ ಮಾತ್ರ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಸಂಸತ್ತಿನ ಹಿಡಿತ ನಿಜವಾಗಿ ಬಿಗಿಯಾಗಿರುವುದು ಎರಡು ಕಡೆ. ಮೊದಲನೆಯದು ಹಣ: ಅನುದಾನ ಬೇಡಿಕೆಗೆ ಲೋಕಸಭೆ ಒಪ್ಪದೆ ರಕ್ಷಣಾ ಇಲಾಖೆ ಒಂದು ರೂಪಾಯಿಯನ್ನೂ ಖರ್ಚು ಮಾಡುವಂತಿಲ್ಲ. ಎರಡನೆಯದು ನೆಲ. ಬೇರುಬಾರಿ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟ್, ದೇಶದ ಭೂಭಾಗವನ್ನು ಪರದೇಶಕ್ಕೆ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿಯೇ ಆಗಬೇಕು ಎಂದಿತು. ಬಾಂಗ್ಲಾದೇಶದ ಜೊತೆ 1974ರಲ್ಲಿ ಆದ ಭೂಗಡಿ ಒಪ್ಪಂದ 2015ರ 100ನೆಯ ತಿದ್ದುಪಡಿಯವರೆಗೆ ಪೂರ್ಣವಾಗಿ ಜಾರಿಯಾಗದಿರಲು ಇದೂ ಒಂದು ಕಾರಣ. ಆದರೆ ತಗಾದೆಯಲ್ಲಿರುವ ಗಡಿಯನ್ನು ಗುರುತಿಸುವುದಕ್ಕೆ ಅಷ್ಟು ಬೇಕಿಲ್ಲ ಎಂದು 1969ರಲ್ಲಿ ಕಛ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. 1974ರಲ್ಲಿ ಕಚ್ಚತೀವು ಶ್ರೀಲಂಕಾದ ಪಾಲಾದದ್ದು ತಿದ್ದುಪಡಿಯಿಲ್ಲದೆ. ಆ ವಿವಾದ ತಮಿಳುನಾಡಿನಲ್ಲಿ ಇಂದಿಗೂ ಆರಿಲ್ಲ.

1959ರಿಂದ 1963: ಪ್ರಶ್ನೆಗೆ ರೂಪ ಬಂದ ಕಾಲ

ಪ್ರಧಾನಿಯಾಗಿದ್ದಷ್ಟು ಕಾಲವೂ ವಿದೇಶಾಂಗ ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದ ನೆಹರೂ ಸದನದಲ್ಲಿ ವಿದೇಶಾಂಗ ನೀತಿಯ ಬಗ್ಗೆ ದೀರ್ಘವಾಗಿ ಮಾತಾಡುತ್ತಿದ್ದರು, ಟೀಕೆಯನ್ನು ತಾಳ್ಮೆಯಿಂದ ಕೇಳುತ್ತಿದ್ದರು. ಆದರೂ ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಹಾಕಿದ ಸಂಗತಿ ಬಹಳ ಕಾಲ ಸದನದ ಮುಂದೆ ಬರಲಿಲ್ಲ. 1958ರಲ್ಲೇ ಸರ್ಕಾರ ಈ ಬಗ್ಗೆ ಚೀನಾಕ್ಕೆ ಪ್ರತಿಭಟನಾ ಪತ್ರ ಬರೆದಿತ್ತು. ಸಂಸದರಿಗೆ ಅದು ತಿಳಿದದ್ದು 1959ರಲ್ಲಿ, ಲಾಂಗ್ಜು ಘರ್ಷಣೆಯ ನಂತರ. ಆ ವರ್ಷದ ಸೆಪ್ಟೆಂಬರ್ 7ರಂದು ನೆಹರೂ ಎರಡು ಸರ್ಕಾರಗಳ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಸದನದಲ್ಲಿಟ್ಟರು. ಮುಂದೆ ಇಂಥ ಇನ್ನಷ್ಟು ಸಂಪುಟಗಳು ಬಂದವು.

ಈ ಒಂದು ಘಟನೆಯನ್ನು ಎರಡು ಬಗೆಯಲ್ಲಿ ಓದುವವರಿದ್ದಾರೆ. ಪತ್ರಗಳು ಬಯಲಾಗಿ ಸದನ ಕಾವೇರಿದ್ದರಿಂದ ನೆಹರೂಗೆ ರಾಜಿಯ ದಾರಿ ಮುಚ್ಚಿತು, 1960ರ ಏಪ್ರಿಲ್‌ನಲ್ಲಿ ಚೌ ಎನ್‌ಲಾಯ್ ದೆಹಲಿಗೆ ಬಂದಾಗ ಮಾತುಕತೆಗೆ ಜಾಗವೇ ಉಳಿದಿರಲಿಲ್ಲ ಎನ್ನುವವರು ಒಂದು ಕಡೆ. ಮೊದಲಿನಿಂದಲೇ ಸದನಕ್ಕೆ ವಿಷಯ ತಿಳಿಸುತ್ತ ಬಂದಿದ್ದರೆ ಜನಾಭಿಪ್ರಾಯ ಒಮ್ಮೆಲೇ ಸಿಡಿಯುತ್ತಿರಲಿಲ್ಲ, ತೊಂದರೆಯಾದದ್ದು ವಿಷಯವನ್ನು ಮುಚ್ಚಿಟ್ಟಿದ್ದರಿಂದ ಎನ್ನುವವರು ಇನ್ನೊಂದು ಕಡೆ. ಸಂಸತ್ತಿನ ಕಣ್ಗಾವಲಿನ ಬಗ್ಗೆ ನಡೆಯುವ ವಾದಗಳೆಲ್ಲ ಈ ಎರಡು ಓದುಗಳ ನಡುವೆಯೇ ಇವೆ.

1962ರ ಅಕ್ಟೋಬರ್ 20ರಂದು ಯುದ್ಧ ಶುರುವಾಯಿತು. ಅಧಿವೇಶನ ಬೇಗ ಕರೆಯಿರಿ ಎಂದು ಒತ್ತಾಯಿಸಿದವರಲ್ಲಿ ರಾಜ್ಯಸಭೆಯ ಯುವ ಸದಸ್ಯ ಅಟಲ್ ಬಿಹಾರಿ ವಾಜಪೇಯಿಯೂ ಇದ್ದರು. ನೆಹರೂ ಒಪ್ಪಿದರು. ಯುದ್ಧ ನಡೆಯುತ್ತಿರುವಾಗಲೇ ನವೆಂಬರ್ 8ರಂದು ಸದನ ಸೇರಿತು. ಸೈನ್ಯದ ಸಿದ್ಧತೆಯ ಕೊರತೆಯನ್ನು ಸದಸ್ಯರು ಎತ್ತಿ ಆಡಿದರು. ಸ್ವಪಕ್ಷೀಯರ ಒತ್ತಡಕ್ಕೆ, ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಅಷ್ಟರಲ್ಲೇ ಸಂಪುಟ ಬಿಟ್ಟಿದ್ದರು. 1963ರ ಆಗಸ್ಟ್‌ನಲ್ಲಿ ಆಚಾರ್ಯ ಕೃಪಲಾನಿ ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಅದು 62–347 ಮತಗಳಿಂದ ಬಿದ್ದರೂ ಸರ್ಕಾರ ನಾಲ್ಕು ದಿನ ಉತ್ತರ ಹೇಳಬೇಕಾಯಿತು. ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ ಮಾತ್ರ ಸದನಕ್ಕೆ ಬರಲಿಲ್ಲ. ರಕ್ಷಣಾ ಸಚಿವ ವೈ.ಬಿ. ಚವಾಣ್ ಅದರ ಸಾರಾಂಶವನ್ನಷ್ಟೇ ಹೇಳಿದರು. ಆರು ದಶಕ ಕಳೆದರೂ ಯಾವ ಪಕ್ಷದ ಸರ್ಕಾರವೂ ಅದನ್ನು ಅಧಿಕೃತವಾಗಿ ಪ್ರಕಟಿಸಿಲ್ಲ.

ಬೋಫೋರ್ಸ್, ಶ್ರೀಲಂಕಾ, ಸ್ಥಾಯಿ ಸಮಿತಿ

1971ರ ಮಾರ್ಚ್ 31ರಂದು ಪೂರ್ವ ಬಂಗಾಳದ ಜನರ ಪರವಾಗಿ ಸಂಸತ್ತು ಅಂಗೀಕರಿಸಿದ ನಿರ್ಣಯ ಇಂದಿರಾ ಗಾಂಧಿಯವರ ಕೈ ಬಲಪಡಿಸಿತು. ಆದರೆ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದ ಸದನಕ್ಕೆ ಬಂದದ್ದು ಸಹಿ ಬಿದ್ದ ಮೇಲೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಸಹಿ ಹಾಕಿದ ಒಪ್ಪಂದದ ಬೆನ್ನಿಗೇ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಸದನದ ಪೂರ್ವಾನುಮತಿ ಯಾರೂ ಕೇಳಲಿಲ್ಲ. 1990ರ ಮಾರ್ಚ್‌ನಲ್ಲಿ ಪಡೆ ಮರಳುವಷ್ಟರಲ್ಲಿ ಸುಮಾರು 1,200 ಯೋಧರು ಪ್ರಾಣ ತೆತ್ತಿದ್ದರು. ಆ ಕಾರ್ಯಾಚರಣೆಯ ಗುರಿ ಏನಿತ್ತು, ಎಲ್ಲಿ ತಪ್ಪಿತು ಎಂದು ಸಮಗ್ರವಾಗಿ ತನಿಖೆ ಮಾಡಿದ ಸಂಸದೀಯ ವರದಿ ನಮ್ಮಲ್ಲಿಲ್ಲ. ಸತ್ತವರ ಮನೆಯವರಿಗೆ ಆ ಉತ್ತರ ಸಲ್ಲಬೇಕಿತ್ತು.

ಅದೇ 1987ರಲ್ಲಿ ಬೋಫೋರ್ಸ್ ಫಿರಂಗಿ ಖರೀದಿಯ ವಿಚಾರಣೆಗೆ ಜಂಟಿ ಸಂಸದೀಯ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಚಿಕ್ಕೋಡಿಯಿಂದ ಆಯ್ಕೆಯಾಗುತ್ತಿದ್ದ ಬಿ. ಶಂಕರಾನಂದ. ಪ್ರಮುಖ ವಿರೋಧ ಪಕ್ಷಗಳು ಹೊರಗುಳಿದ ಆ ಸಮಿತಿಯ 1988ರ ವರದಿಯನ್ನು ಜನ ನಂಬಲಿಲ್ಲ. ಮರುವರ್ಷ ಸಿಎಜಿ ವರದಿ ಸದನದ ಮುಂದೆ ಬಂದಾಗ ಲೋಕಸಭೆಯ ವಿರೋಧ ಪಕ್ಷದ ಹೆಚ್ಚಿನ ಸದಸ್ಯರು ರಾಜೀನಾಮೆ ಕೊಟ್ಟರು. ಬಹುಮತವಿದ್ದವರು ತಮ್ಮನ್ನು ತಾವೇ ತನಿಖೆ ಮಾಡಿಕೊಂಡರೆ ಅದಕ್ಕೆ ಬೆಲೆ ಬರುವುದಿಲ್ಲ ಎಂಬ ಪಾಠ ಅಲ್ಲಿತ್ತು.

1993ರಲ್ಲಿ ಇಲಾಖಾವಾರು 17 ಸ್ಥಾಯಿ ಸಮಿತಿಗಳು ಬಂದವು. 2004ರಲ್ಲಿ ಅವು 24 ಆದವು. ರಕ್ಷಣೆಗೊಂದು, ವಿದೇಶಾಂಗಕ್ಕೊಂದು ಸಮಿತಿಯಿದೆ. ಪ್ರತಿಯೊಂದರಲ್ಲೂ 31 ಸದಸ್ಯರು. 2000ದ ಫೆಬ್ರವರಿಯಲ್ಲಿ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಾಮರ್ಶೆ ವರದಿಯನ್ನು, ಕೆಲವು ಗೋಪ್ಯ ಭಾಗಗಳನ್ನು ತೆಗೆದು, ವಾಜಪೇಯಿ ಸರ್ಕಾರ ಸದನದಲ್ಲಿಟ್ಟಿತು. 1962ರ ವರದಿಗೆ ಸಿಗದ ಬೆಳಕು ಇದಕ್ಕೆ ಸಿಕ್ಕಿತು. ಸೇನೆಯ ಗುಟ್ಟು ಕಾಯುತ್ತಲೇ ಸಂಸತ್ತಿಗೆ ಲೆಕ್ಕ ಒಪ್ಪಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೊದಲ ವಾದ: ಕಾರ್ಯಾಂಗದ ಕೈ ಕಟ್ಟಬೇಡಿ

ಈ ವಾದಕ್ಕೆ ದೀರ್ಘ ಪರಂಪರೆಯಿದೆ. 17ನೆಯ ಶತಮಾನದಲ್ಲಿ ಜಾನ್ ಲಾಕ್, ಪರದೇಶಗಳ ನಡೆ ಮೊದಲೇ ಬರೆದಿಟ್ಟ ಕಾನೂನಿಗೆ ಸಿಗುವುದಿಲ್ಲವಾದ್ದರಿಂದ ಆ ಅಧಿಕಾರ ಆಳುವವರ ವಿವೇಕಕ್ಕೆ ಬಿಟ್ಟದ್ದು ಎಂದ. ತಾಳ್ಮೆ, ಗೋಪ್ಯತೆ, ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವ ಗುಣ ಪ್ರಜಾಪ್ರಭುತ್ವಗಳಿಗೆ ಕಷ್ಟ ಎಂದು 19ನೆಯ ಶತಮಾನದಲ್ಲಿ ತೊಕ್‌ವಿಲ್ ಹೇಳಿದ. ಬೇಗ ನಿರ್ಧರಿಸಬೇಕು, ಗುಟ್ಟು ಉಳಿಯಬೇಕು, ಹೊರಗೆ ಒಂದೇ ದನಿ ಕೇಳಬೇಕು ಎಂಬುದು ಇದರ ತಿರುಳು.

1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳು ಈ ವಾದಕ್ಕೆ ಬಲ ಕೊಡುತ್ತವೆ. 1995ರ ಸಿದ್ಧತೆ ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿದ್ದು ನಿಂತುಹೋಗಿತ್ತು. ಮೂರು ವರ್ಷಗಳ ಬಳಿಕ ವಿಷಯ ಬೆರಳೆಣಿಕೆಯವರಿಗಷ್ಟೇ ಗೊತ್ತಿದ್ದುದರಿಂದ ಕೆಲಸ ನಡೆಯಿತು. ಅದೇ ತಿಂಗಳ ಕೊನೆಯಲ್ಲಿ ವಾಜಪೇಯಿ ಸದನಕ್ಕೆ ಹೇಳಿಕೆ ಕೊಟ್ಟು ಅಣುನೀತಿಯ ವಿಕಾಸದ ಬಗ್ಗೆ ದಾಖಲೆಯನ್ನೂ ಮಂಡಿಸಿದರು. ಈ ವಾದ ವಿವರಿಸಲಾಗದ್ದು 1962 ಮತ್ತು 1987ನ್ನು. ಅಲ್ಲೂ ಸಣ್ಣ ಗುಂಪು ಗುಟ್ಟಾಗಿ, ಬೇಗನೆ, ಒಂದೇ ದನಿಯಲ್ಲಿ ನಿರ್ಧರಿಸಿತ್ತು. ತಪ್ಪನ್ನು ತಡೆದು ಹೇಳುವವರು ಆ ಕೋಣೆಯಲ್ಲಿ ಇರಲಿಲ್ಲ.

ಎರಡನೆಯ ವಾದ: ಸೈನ್ಯ ಹೊರಡುವ ಮುನ್ನ ಒಪ್ಪಿಗೆ

ಯುದ್ಧದ ಭಾರ ಹೊರುವವರ ಒಪ್ಪಿಗೆಯಿಲ್ಲದೆ ಯುದ್ಧ ಕೂಡದು ಎಂದು 1795ರಲ್ಲಿ ಇಮ್ಯಾನುಯೆಲ್ ಕಾಂಟ್ ವಾದಿಸಿದ. ಇದನ್ನು ಕಾನೂನಾಗಿಸಿದ ದೇಶ ಜರ್ಮನಿ. 1994ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಸಶಸ್ತ್ರ ಪಡೆಗಳನ್ನು ಹೊರದೇಶಕ್ಕೆ ಕಳಿಸಲು ಸಂಸತ್ತಿನ ಕೆಳಮನೆ ಬುಂಡೆಸ್ಟಾಗ್‌ನ ಒಪ್ಪಿಗೆ ಬೇಕೆಂದಿತು. 2005ರಲ್ಲಿ ಅದಕ್ಕೆ ಕಾಯ್ದೆಯೂ ಬಂತು. ಅಮೆರಿಕದ 1973ರ ಯುದ್ಧಾಧಿಕಾರ ನಿರ್ಣಯ, ಕಾಂಗ್ರೆಸ್ ಒಪ್ಪದಿದ್ದರೆ 60 ದಿನಗಳಲ್ಲಿ ಕಾರ್ಯಾಚರಣೆ ನಿಲ್ಲಿಸಬೇಕೆನ್ನುತ್ತದೆ. ಅಧ್ಯಕ್ಷರುಗಳು ಅದನ್ನು ಸುತ್ತಿಬಳಸಿ ದಾಟಿದ್ದಾರೆ. 2011ರ ಲಿಬಿಯಾ ಕಾರ್ಯಾಚರಣೆ ಅದಕ್ಕೊಂದು ನಿದರ್ಶನ.

ನಮ್ಮ ಸಂಸದೀಯ ಪದ್ಧತಿಯ ಮೂಲವಾದ ಬ್ರಿಟನ್ನಿನ ಅನುಭವ ಹೆಚ್ಚು ಕಲಿಸುತ್ತದೆ. 2003ರ ಮಾರ್ಚ್ 18ರಂದು ಅಲ್ಲಿನ ಸಂಸತ್ತು ಇರಾಕ್ ಯುದ್ಧಕ್ಕೆ 412–149 ಮತಗಳಿಂದ ಒಪ್ಪಿತು. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯ ಪ್ರಸ್ತಾವದಲ್ಲಿ ಸರ್ಕಾರ 285–272ರಿಂದ ಸೋತು ಹಿಂದೆ ಸರಿಯಿತು. 2018ರಲ್ಲಿ ಸಿರಿಯಾ ಮೇಲೆ ಮತವಿಲ್ಲದೆಯೇ ದಾಳಿ ನಡೆಯಿತು. ಕಾನೂನಿನ ಬೆಂಬಲವಿಲ್ಲದ ಸಂಪ್ರದಾಯ ಸರ್ಕಾರಕ್ಕೆ ಬೇಕೆನಿಸಿದಾಗ ಇರುತ್ತದೆ, ಬೇಡವೆನಿಸಿದಾಗ ಮರೆಯಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು 2003ರ ಮತದ ಪಾಠ. ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಅಂದಾಜು ದೋಷಪೂರ್ಣವಾಗಿತ್ತೆಂದು 2016ರ ಚಿಲ್ಕಾಟ್ ವರದಿ ಹೇಳಿತು. ಸರಿಯಾದ ಮಾಹಿತಿ ಕೈಯಲ್ಲಿಲ್ಲದ ಸದನ ಕೊಟ್ಟ ಒಪ್ಪಿಗೆ ಯಾರನ್ನೂ ಕಾಯಲಿಲ್ಲ.

ಮೂರನೆಯ ವಾದ: ಸಮಿತಿಯೇ ನಿಜವಾದ ಸದನ

ಗದ್ದಲದ ಸದನಕ್ಕಿಂತ ಮುಚ್ಚಿದ ಬಾಗಿಲಿನ ಸಮಿತಿಯಲ್ಲಿ ಪಕ್ಷಭೇದ ಕರಗುತ್ತದೆ, ಅಧಿಕಾರಿಗಳು ಬಾಯಿ ಬಿಡುತ್ತಾರೆ ಎಂಬುದು ಈ ವಾದ. ಭಾರತದಲ್ಲಿ ಇದಕ್ಕೆ ಗಟ್ಟಿ ಆಧಾರವಿದೆ. 2018ರ ಮಾರ್ಚ್‌ನಲ್ಲಿ ಬಂದ ರಕ್ಷಣಾ ಸ್ಥಾಯಿ ಸಮಿತಿಯ ವರದಿಯಲ್ಲಿ ಸೇನೆಯ ಉಪಮುಖ್ಯಸ್ಥರ ಸಾಕ್ಷ್ಯವಿದೆ: ಭೂಸೇನೆಯ ಸಲಕರಣೆಗಳಲ್ಲಿ 68% ಹಳೆಯ ಕಾಲದವು, 8% ಮಾತ್ರ ಅತ್ಯಾಧುನಿಕ. ಯಾವ ಸಚಿವರೂ ಸದನದಲ್ಲಿ ಹೇಳದ ಸತ್ಯ ಅದು. ಸಮಿತಿಯ ಅಧ್ಯಕ್ಷರು ಆಡಳಿತ ಪಕ್ಷದವರೇ ಆದ ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ. ಆ ವರ್ಷದ ಸಮಿತಿ ಪುನಾರಚನೆಯಲ್ಲಿ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು. ಅದೇ ವರ್ಷ ಶಶಿ ತರೂರ್ ಅಧ್ಯಕ್ಷತೆಯ ವಿದೇಶಾಂಗ ಸಮಿತಿ ಡೋಕ್ಲಾಮ್ ಸೇರಿದಂತೆ ಚೀನಾ ಸಂಬಂಧದ ಬಗ್ಗೆ ವಿವರವಾದ ವರದಿ ಕೊಟ್ಟಿತು.

ಸಮಿತಿಗಳಿಗೆ ಮಿತಿಗಳೂ ಇವೆ. ಅವುಗಳ ಆಯುಸ್ಸು ಒಂದೇ ವರ್ಷ. ಶಿಫಾರಸುಗಳನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ದೇಶದ ಸುರಕ್ಷತೆ ಅಥವಾ ಹಿತಕ್ಕೆ ಧಕ್ಕೆ ಎಂದು ಹೇಳಿ ಸರ್ಕಾರ ದಾಖಲೆ ಕೊಡದಿರಬಹುದು. ಸಮಿತಿಯ ಮುಂದೆ ಕಾರ್ಯದರ್ಶಿಗಳು ಬರುತ್ತಾರೆ, ಸಚಿವರನ್ನು ಕರೆಸುವ ಪದ್ಧತಿಯಿಲ್ಲ. ಹಣದ ಮೇಲಿನ ಹಿಡಿತವೂ ಸಡಿಲಗೊಂಡಿದೆ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಇಷ್ಟು ದೊಡ್ಡ ಬಾಬ್ತಿನ ಬೇಡಿಕೆಗಳೂ ಹಲವು ವರ್ಷ ಚರ್ಚೆಯಿಲ್ಲದೆ ಗಿಲೊಟಿನ್‌ನಲ್ಲಿ, ಅಂದರೆ ಒಟ್ಟಿಗೆ ಮತಕ್ಕೆ ಹಾಕಿ, ಅಂಗೀಕಾರವಾಗುತ್ತವೆ. 2018ರಲ್ಲಂತೂ ಎಲ್ಲ ಇಲಾಖೆಗಳ ಬೇಡಿಕೆಗಳೂ ಹಾಗೆಯೇ ಮುಗಿದವು.

ನಾಲ್ಕನೆಯ ವಾದ: ನಿಯಮಕ್ಕಿಂತ ಬಲಾಬಲ ಮುಖ್ಯ

ಸಂಸತ್ತಿನ ಕಣ್ಣು ಎಷ್ಟು ಚುರುಕಾಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಸದನದೊಳಗಿನ ಸಂಖ್ಯೆ ಎನ್ನುವವರ ವಾದ ಇದು. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ವಿಪ್ ಮೀರಿದ ಸದಸ್ಯ ಸ್ಥಾನ ಕಳೆದುಕೊಳ್ಳುತ್ತಾನೆ. 1962ರಲ್ಲಿ ಮೆನನ್ ಅವರನ್ನು ಇಳಿಸಿದಂಥ ಸ್ವಪಕ್ಷೀಯ ಬಂಡಾಯ ಇಂದು ಸದನದಲ್ಲಿ ಮತವಾಗಿ ಪ್ರಕಟವಾಗುವುದು ಕಷ್ಟ. ಪೂರ್ಣ ಬಹುಮತವಿದ್ದಾಗ ಸದನ ಮೆದುವಾಗುತ್ತದೆ, ಮಿತ್ರಪಕ್ಷಗಳ ಮೇಲೆ ನಿಂತ ಸರ್ಕಾರ ಕಿವಿಗೊಡುತ್ತದೆ. 2011ರಲ್ಲಿ ಬಾಂಗ್ಲಾದೇಶದ ಜೊತೆಗಿನ ತೀಸ್ತಾ ನದಿನೀರು ಒಪ್ಪಂದವನ್ನು ಮಮತಾ ಬ್ಯಾನರ್ಜಿ ತಡೆದದ್ದು, 2013ರಲ್ಲಿ ಶ್ರೀಲಂಕಾ ತಮಿಳರ ವಿಚಾರಕ್ಕೆ ಡಿಎಂಕೆ ಯುಪಿಎ ಬಿಟ್ಟದ್ದು ಇದೇ ಬಲಾಬಲದಿಂದ.

ಅಮೆರಿಕದ ವಿದ್ವಾಂಸ ರಾಬರ್ಟ್ ಪಟ್ನಮ್ 1988ರಲ್ಲಿ ಇದಕ್ಕೆ ಇನ್ನೊಂದು ಮಗ್ಗುಲು ತೋರಿಸಿದರು. ಮನೆಯೊಳಗಿನ ವಿರೋಧ ಹೊರಗಿನ ಮಾತುಕತೆಯಲ್ಲಿ ಸರ್ಕಾರದ ಬಲವೂ ಆಗಬಲ್ಲದು. ನಮ್ಮಲ್ಲಿ ಇದಕ್ಕೆ ಉತ್ತಮ ಉದಾಹರಣೆ 2003. ಏಪ್ರಿಲ್ 8ರಂದು ಲೋಕಸಭೆ ಇರಾಕ್ ಮೇಲಿನ ದಾಳಿಯ ವಿರುದ್ಧ ಸರ್ವಾನುಮತದ ನಿರ್ಣಯ ಅಂಗೀಕರಿಸಿತು. ಇರಾಕ್‌ಗೆ ಸೈನ್ಯ ಕಳಿಸಿ ಎಂಬ ಅಮೆರಿಕದ ಕೋರಿಕೆಯನ್ನು ಜುಲೈನಲ್ಲಿ ವಾಜಪೇಯಿ ಸರ್ಕಾರ ನಿರಾಕರಿಸಿದಾಗ ಆ ನಿರ್ಣಯ ಬೆನ್ನಿಗಿತ್ತು. ಸದನದ ಮಾತು ದೇಶವನ್ನು ಒಂದು ದೊಡ್ಡ ಅನಾಹುತದಿಂದ ಕಾಯಲು ನೆರವಾಯಿತು.

ಒಪ್ಪಂದಗಳ ಬಿಸಿ ಹೊಲಕ್ಕೆ ತಟ್ಟಿದಾಗ

ಒಪ್ಪಂದಗಳ ವಿಷಯದಲ್ಲಿ ಕರ್ನಾಟಕದ ಅನುಭವಕ್ಕೆ ತೂಕವಿದೆ. ವಿಶ್ವ ವ್ಯಾಪಾರ ಮಾತುಕತೆಯ ಡಂಕೆಲ್ ಪ್ರಸ್ತಾವದ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿದಾಗ ಅದರ ಮೂಲ ತಕರಾರುಗಳಲ್ಲೊಂದು, ಬಿತ್ತನೆ ಬೀಜದ ಭವಿಷ್ಯವನ್ನು ಜನರನ್ನು ಕೇಳದೆ ನಿರ್ಧರಿಸಲಾಗುತ್ತಿದೆ ಎಂಬುದು. 1994ರಲ್ಲಿ ಸರ್ಕಾರ ವಿಶ್ವ ವ್ಯಾಪಾರ ಸಂಸ್ಥೆಯನ್ನು ಹುಟ್ಟುಹಾಕಿದ ಒಪ್ಪಂದಕ್ಕೆ ಸಂಸತ್ತಿನ ಮತವಿಲ್ಲದೆ ಸಹಿ ಹಾಕಿತು. ಅದಕ್ಕೆ ತಕ್ಕಂತೆ ಪೇಟೆಂಟ್ ಕಾಯ್ದೆ ತಿದ್ದಲು ಹೊರಟಾಗ ಸುಗ್ರೀವಾಜ್ಞೆ ಅವಧಿ ಮೀರಿತು, ಮಸೂದೆ ರಾಜ್ಯಸಭೆಯಲ್ಲಿ ನಿಂತಿತು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ದಾವೆಯನ್ನು ಭಾರತ ಸೋತಿತು. ಸದನವನ್ನು ಮೊದಲು ಕೇಳದೆ ಸಹಿ ಹಾಕಿದ ಸರ್ಕಾರ ಕೊನೆಗೆ ಅದೇ ಸದನದಲ್ಲಿ ಸಿಕ್ಕಿಕೊಂಡಿತು. ಶ್ರೀಲಂಕಾದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದ ದಾರಿಯಲ್ಲಿ ಹೊರದೇಶದ ಅಗ್ಗದ ಕಾಳುಮೆಣಸು ಬರುತ್ತಿದೆ ಎಂದು ಕೊಡಗು, ಮಲೆನಾಡಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. ಅವರ ಸಂಸದರಿಗೆ ಆ ಒಪ್ಪಂದದ ಮೇಲೆ ಮತ ಹಾಕುವ ಅವಕಾಶವೇ ಬಂದಿರಲಿಲ್ಲ.

ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಕ್ರಮಬದ್ಧಗೊಳಿಸುವ ಕಾನೂನನ್ನು ಸಂಸತ್ತು ಮಾಡಬೇಕೆಂದು ಶಿಫಾರಸು ಮಾಡಿತು. ಬ್ರಿಟನ್ 2010ರಲ್ಲಿ ಅಂಥ ಕಾಯ್ದೆ ಮಾಡಿತು. ಅಲ್ಲಿ ಅನುಮೋದನೆಗೆ ಮೊದಲು ಒಪ್ಪಂದ 21 ಅಧಿವೇಶನ ದಿನ ಸಂಸತ್ತಿನ ಮುಂದಿರಬೇಕು. ನಮ್ಮ ಆಯೋಗದ ಶಿಫಾರಸು ಕಾಗದದಲ್ಲೇ ಉಳಿದಿದೆ.

ಕತ್ತಲಲ್ಲಿರುವ ಮೂಲೆ: ಗುಪ್ತಚರ

ಅಮೆರಿಕದ ಸೆನೆಟ್ 1976ರಲ್ಲಿ ಗುಪ್ತಚರ ಸಮಿತಿ ರಚಿಸಿತು. ಬ್ರಿಟನ್ 1994ರಲ್ಲಿ ಕಾನೂನಿನ ಮೂಲಕ ಸಂಸದರ ಸಮಿತಿ ಮಾಡಿತು. ಭಾರತದಲ್ಲಿ ಇಂಟೆಲಿಜೆನ್ಸ್ ಬ್ಯೂರೋಗಾಗಲೀ 1968ರಲ್ಲಿ ಹುಟ್ಟಿದ ರಾ ಸಂಸ್ಥೆಗಾಗಲೀ ಸಂಸದೀಯ ಮೇಲ್ವಿಚಾರಣೆಯಿಲ್ಲ. ಮನೀಶ್ ತಿವಾರಿ 2011ರಲ್ಲಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. 2021ರಲ್ಲಿ ಪೆಗಾಸಸ್ ಬೇಹುಗಾರಿಕೆ ತಂತ್ರಾಂಶದ ವಿವಾದ ಎದ್ದಾಗ ಸದನದಲ್ಲಿ ಸಮಗ್ರ ಚರ್ಚೆ ನಡೆಯದೆ, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರೀಯ ಭದ್ರತೆಯ ಹೆಸರು ಹೇಳಿದ ಮಾತ್ರಕ್ಕೆ ಪರಿಶೀಲನೆಯಿಂದ ಪಾರಾಗಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಸಂಸತ್ತು ಮಾಡಬೇಕಿದ್ದ ಕೆಲಸ ನ್ಯಾಯಾಲಯದ ಹೆಗಲಿಗೆ ಬಿತ್ತು.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು

ನಾಲ್ಕೂ ವಾದಗಳಲ್ಲಿ ಸತ್ಯದ ಪಾಲಿದೆ. ಒಂದೊಂದೂ ಕೆಲವು ಘಟನೆಗಳನ್ನು ವಿವರಿಸುತ್ತದೆ, ಕೆಲವನ್ನು ಬಿಟ್ಟುಬಿಡುತ್ತದೆ. ಎಲ್ಲವನ್ನೂ ನೋಡಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ.

ಮೊದಲನೆಯದು, ಪೂರ್ವಾನುಮತಿಯ ಗೆರೆ ಎಲ್ಲಿ? ಶ್ರೀಲಂಕಾಕ್ಕೆ ಸೈನ್ಯ ಕಳಿಸುವುದಕ್ಕೂ ನಾಲ್ಕು ದಿನಗಳ ವಾಯುದಾಳಿಗೂ ಒಂದೇ ನಿಯಮ ಹೊಂದುವುದಿಲ್ಲ. ಡ್ರೋನ್ ಮತ್ತು ಸೈಬರ್ ದಾಳಿಗಳನ್ನು ಯುದ್ಧವೆನ್ನಬೇಕೇ ಎಂಬುದೇ ತೀರ್ಮಾನವಾಗಿಲ್ಲ. ಎರಡನೆಯದು, ಗುಟ್ಟು ಯಾವುದೆಂದು ಹೇಳುವವರು ಯಾರು? ಇಂದು ಆ ಮಾತು ಪೂರ್ತಿಯಾಗಿ ಸರ್ಕಾರದ್ದು. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಯೋಧರು ಹುತಾತ್ಮರಾದರು. ರಕ್ಷಣಾ ಸಚಿವರು ಸದನಕ್ಕೆ ಹೇಳಿಕೆ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ, ಪ್ರಶ್ನೋತ್ತರ ವೇಳೆಯೇ ಇಲ್ಲದ ಅಧಿವೇಶನದಲ್ಲಿ. ಮೂರನೆಯದು, ಒಪ್ಪಂದಗಳಿಂದ ಲಾಭ ನಷ್ಟ ಅನುಭವಿಸುವ ರಾಜ್ಯಗಳ ದನಿಗೆ ಜಾಗ ಎಲ್ಲಿ? ನಾಲ್ಕನೆಯದು, ಸಂಸತ್ತಿನ ಕಣ್ಗಾವಲು ಹೆಚ್ಚಿದರೆ ನೀತಿ ನಿಜವಾಗಿ ಉತ್ತಮವಾಗುತ್ತದೆಯೇ? ಬ್ರಿಟನ್ನಿನ 2003 ಮತ್ತು ಭಾರತದ 2003 ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ. ಐದನೆಯದು, ವಿರೋಧದಲ್ಲಿದ್ದಾಗ ಉತ್ತರ ಕೇಳುವ ಪಕ್ಷಗಳು ಅಧಿಕಾರಕ್ಕೆ ಬಂದ ಮೇಲೆ ಅದೇ ಉತ್ತರ ಕೊಡಲು ಸಿದ್ಧವಿರುತ್ತವೆಯೇ?

ಈ ಪ್ರಶ್ನೆಗಳು ಇತ್ಯರ್ಥವಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಒಪ್ಪಂದಗಳನ್ನು ಅನುಮೋದನೆಗೆ ಮೊದಲು ಸದನದಲ್ಲಿಡುವ ಕಾಯ್ದೆ ಬೇಕು. ಸ್ಥಾಯಿ ಸಮಿತಿಗಳಿಗೆ ಲೋಕಸಭೆಯಷ್ಟೇ ಆಯುಸ್ಸು ಬೇಕು. ಸೈನಿಕ ಕಾರ್ಯಾಚರಣೆ ನಡೆದ ಮೇಲೆ ನಿಗದಿತ ದಿನಗಳೊಳಗೆ ಸದನಕ್ಕೆ, ಅಗತ್ಯವಿದ್ದರೆ ಮುಚ್ಚಿದ ಬಾಗಿಲಿನ ಸಮಿತಿಗೆ, ವರದಿ ಕೊಡುವ ಕಡ್ಡಾಯ ಬೇಕು. ಹಳೆಯ ಯುದ್ಧಗಳ ದಾಖಲೆಗಳಿಗೆ ಗೋಪ್ಯತೆಯ ಗಡುವು ಬೇಕು. ಇವುಗಳಲ್ಲಿ ಯಾವುದೂ ಸೇನಾನಿಯ ಕೈ ಕಟ್ಟುವುದಿಲ್ಲ, ಯಾವ ರಹಸ್ಯವನ್ನೂ ಶತ್ರುವಿಗೆ ಒಪ್ಪಿಸುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಅಭ್ಯರ್ಥಿಯನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ದೇಶ ಸಹಿ ಹಾಕುವ ಒಪ್ಪಂದವನ್ನು ನೀವು ಓದಿ ಪ್ರಶ್ನಿಸುವಿರಾ, ನಮ್ಮ ಮಕ್ಕಳನ್ನು ಗಡಿಗೆ ಕಳಿಸುವ ನಿರ್ಧಾರಕ್ಕೆ ಲೆಕ್ಕ ಕೇಳುವಿರಾ?